ತುಂಗಭದ್ರೆಯಲ್ಲಿ ನಿಂತ ಹೂಳು, ದಿವಿಸೀಮೆಯಲ್ಲಿ ಸವೆಯುವ ನೆಲ

ವಿಶಾಖಪಟ್ಟಣದ ಬಂದರಿನಲ್ಲಿ ಕಡಲಿನ ಮಟ್ಟದ ದಾಖಲೆ 1937ರಿಂದ ಇದೆ. ಉಬ್ಬರ ಎಷ್ಟು ಏರಿತು, ಇಳಿತ ಎಷ್ಟು ತಗ್ಗಿತು ಎಂದು ಇಷ್ಟು ದೀರ್ಘಕಾಲ ಅಳೆದಿಟ್ಟ ಬಂದರುಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಈ ದಾಖಲೆಗಳನ್ನು ವಿಶ್ಲೇಷಿಸಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಉನ್ನಿಕೃಷ್ಣನ್ ಮತ್ತು ಶಂಕರ್ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ವಿಶಾಖಪಟ್ಟಣದ ಕಡಲು ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಏರಿದೆ. ಅದೇ ಬಂಗಾಳ ಕೊಲ್ಲಿಯ ಉತ್ತರದ ತುದಿಯಲ್ಲಿ, ಕೋಲ್ಕತ್ತಕ್ಕೆ ಹತ್ತಿರದ ಡೈಮಂಡ್ ಹಾರ್ಬರಿನಲ್ಲಿ, ಏರಿಕೆ ವರ್ಷಕ್ಕೆ 5 ಮಿಲಿಮೀಟರಿಗೂ ಹೆಚ್ಚು.

ಕಡಲು ಒಂದೇ, ಏರಿಕೆ ಮಾತ್ರ ಐದು ಪಟ್ಟು ಬೇರೆ! ಕಾರಣ ನೀರಿನಲ್ಲಲ್ಲ, ನೆಲದಲ್ಲಿದೆ. ಉಬ್ಬರಮಾಪಕವನ್ನು ನೆಲಕ್ಕೇ ಬಿಗಿದಿರುತ್ತಾರೆ. ಕಡಲು ಏರಿದರೂ ಅಷ್ಟೇ, ಮಾಪಕ ನಿಂತ ನೆಲ ಕುಸಿದರೂ ಅಷ್ಟೇ, ಅದು ತೋರಿಸುವುದು ಏರಿದ ನೀರನ್ನು. ವಿಶಾಖಪಟ್ಟಣ ಪೂರ್ವಘಟ್ಟದ ಪುರಾತನ ಬಂಡೆಯ ಮೇಲೆ ಕೂತ ಊರು. ಡಾಲ್ಫಿನ್ಸ್ ನೋಸ್ ಗುಡ್ಡ ಕಡಲಿಗೇ ಮೂತಿ ಚಾಚಿ ನಿಂತಿದೆ. ಡೈಮಂಡ್ ಹಾರ್ಬರ್ ಇರುವುದು ಗಂಗೆ ಹೊತ್ತು ತಂದು ಹಾಸಿದ ಮೆಕ್ಕಲಿನ ಮೇಲೆ. ಮೆಕ್ಕಲು ತಗ್ಗುತ್ತದೆ, ಬಂಡೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.

ಹಾಗೆಂದು ವಿಶಾಖಪಟ್ಟಣ ನಿಶ್ಚಿಂತೆಯಿಂದ ಇರುವಂತಿಲ್ಲ. ಇಲ್ಲಿನ ಕಡಲಿನ ಸರಾಸರಿ ಮಟ್ಟವೇ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಮಾರ್ಚ್ ಸುಮಾರಿಗೆ ತಗ್ಗಿರುವ ಮಟ್ಟ ಅಕ್ಟೋಬರ್, ನವೆಂಬರ್ ಹೊತ್ತಿಗೆ ಒಂದು ಅಡಿಗೂ ಹೆಚ್ಚು ಮೇಲೇರುತ್ತದೆ. ಇದರಲ್ಲಿ ಕರಾವಳಿಗುಂಟ ಹರಿಯುವ ಸಾಗರ ಪ್ರವಾಹದ ಪಾಲು ದೊಡ್ಡದು. ಬೇಸಿಗೆಯಲ್ಲಿ ಅದು ಉತ್ತರಕ್ಕೆ ಹರಿಯುತ್ತದೆ, ಮುಂಗಾರು ಮುಗಿದ ಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರ ಗೋಳಾರ್ಧದಲ್ಲಿ ಹರಿಯುವ ನೀರು ತನ್ನ ಬಲಕ್ಕೆ ಒತ್ತರಿಸುತ್ತದೆ. ದಕ್ಷಿಣಕ್ಕೆ ಹರಿಯುವಾಗ ಆ ಬಲಗಡೆ ಇರುವುದು ಆಂಧ್ರದ ದಂಡೆ. ಹೀಗೆ ನೀರು ದಂಡೆಯ ಕಡೆ ಏರಿ ನಿಂತಿರುವ ತಿಂಗಳುಗಳೇ ಚಂಡಮಾರುತದ ತಿಂಗಳುಗಳೂ ಹೌದು. ಮಚಲಿಪಟ್ಟಣದಲ್ಲಿ ಸುಮಾರು 30 ಸಾವಿರ ಜನರನ್ನು ಬಲಿ ತೆಗೆದುಕೊಂಡ 1864ರ ಕಡಲಬ್ಬರ ನವೆಂಬರ್ 1ರದು. ಕೃಷ್ಣೆ ಕಡಲು ಸೇರುವೆಡೆಯ ದಿವಿಸೀಮೆಯ ಹಳ್ಳಿಗಳನ್ನು ಗುಡಿಸಿಹಾಕಿದ 1977ರ ಚಂಡಮಾರುತ ಬಂದದ್ದು ನವೆಂಬರ್ 19ಕ್ಕೆ. ವಿಶಾಖಪಟ್ಟಣಕ್ಕೇ ನೇರವಾಗಿ ಅಪ್ಪಳಿಸಿದ ಹುದ್‌ಹುದ್, 2014ರ ಅಕ್ಟೋಬರ್ 12. ಇಂಥ ಕರಾವಳಿಯಲ್ಲಿ ವರ್ಷಕ್ಕೆ ಒಂದು ಮಿಲಿಮೀಟರನ್ನೂ ಹಗುರವಾಗಿ ಕಾಣುವಂತಿಲ್ಲ. ಜಗತ್ತಿನ ಸರಾಸರಿ ಏರಿಕೆಯಾದರೋ 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿಲಿಮೀಟರ್ ಮುಟ್ಟಿದೆ.

ಊರಿನ ಇನ್ನೊಂದು ಕಷ್ಟ ಮರಳಿನದು. ಈ ದಂಡೆಯಲ್ಲಿ ಅಲೆಗಳು ಮರಳನ್ನು ಒಟ್ಟಾರೆ ಉತ್ತರದ ಕಡೆಗೆ ಸಾಗಿಸುತ್ತವೆ. 1933ರಲ್ಲಿ ಬಂದರು ತೆರೆದಾಗ ಆ ಮರಳು ಬಂದರಿನ ಬಾಯಿ ಮುಚ್ಚದಿರಲೆಂದು ಎರಡು ಹಳೆಯ ಹಡಗುಗಳನ್ನೇ ಮುಳುಗಿಸಿ ಅಡ್ಡಗಟ್ಟೆ ಮಾಡಿದ್ದರು. ಆಮೇಲೆ 1970ರ ದಶಕದಲ್ಲಿ ಹೊರಬಂದರಿನ ಕಲ್ಲಿನ ತಡೆಗೋಡೆಗಳು ಎದ್ದವು. ದಕ್ಷಿಣದಿಂದ ಬರುವ ಮರಳು ಅಲ್ಲೇ ನಿಲ್ಲುತ್ತದೆ, ಉತ್ತರಕ್ಕಿರುವ ರಾಮಕೃಷ್ಣ ಬೀಚು ಸವೆಯುತ್ತದೆ. ಬಂದರಿನವರು ಡ್ರೆಜ್ಜರಿನಿಂದ ಮರಳನ್ನು ಎತ್ತಿ ಬೀಚಿಗೆ ಸುರಿಯುತ್ತಾರೆ. ಮನುಷ್ಯ ತಡೆದದ್ದನ್ನು ಮನುಷ್ಯನೇ ದಾಟಿಸಬೇಕು ಎಂಬ ಹೊಣೆಯನ್ನು ಅಲ್ಲಿ ಒಪ್ಪಿಕೊಂಡಿದ್ದಾರೆ ಎಂಬುದನ್ನು ನೆನಪಿಡಿ. ಕೃಷ್ಣೆಯ ವಿಷಯದಲ್ಲಿ ಆ ಹೊಣೆಯನ್ನು ಯಾರೂ ಹೊತ್ತಿಲ್ಲ.

ವಿಜಯವಾಡ ಕಡಲಿನಿಂದ ಸುಮಾರು 70 ಕಿಲೋಮೀಟರ್ ಒಳಗಿದೆ. ಉಬ್ಬರದ ನೀರು ಅಲ್ಲಿಗೆ ಬರುವುದಿಲ್ಲ. ಆದರೆ ಕೃಷ್ಣೆಯ ಮುಖಜಭೂಮಿ ಆರಂಭವಾಗುವುದು ಅಲ್ಲೇ, ಇಂದ್ರಕೀಲಾದ್ರಿ ಗುಡ್ಡದ ಬುಡದಲ್ಲಿ. ಅಲ್ಲಿ 1855ರಲ್ಲಿ ಅಣೆಕಟ್ಟೆ ಮುಗಿಯಿತು, ಅದರ ಜಾಗದಲ್ಲಿ 1957ರಲ್ಲಿ ಪ್ರಕಾಶಂ ಬ್ಯಾರೇಜ್ ಬಂತು. ಅಲ್ಲಿಂದ ಕೆಳಗೆ ಕಡಲಿನವರೆಗಿನ ಭತ್ತದ ಸೀಮೆಯೆಲ್ಲ ನದಿ ಹಾಸಿದ ಮಣ್ಣು. ಹೊಸದಾಗಿ ಒಟ್ಟಿದ ಹುಲ್ಲಿನ ಬಣವೆ ತನ್ನ ಭಾರಕ್ಕೆ ತಾನೇ ತಗ್ಗುವಂತೆ ಈ ಮಣ್ಣೂ ತಗ್ಗುತ್ತದೆ: ಕಣಗಳ ನಡುವಿನ ನೀರು ಹಿಂಡಿಹೋಗಿ ಪದರಗಳು ಬಿಗಿಯುತ್ತವೆ. ಕೊಳವೆಬಾವಿಗಳಿಂದ ಅಂತರ್ಜಲ ಎತ್ತಿದಷ್ಟೂ ಈ ಬಿಗಿತ ಬೇಗ ಆಗುತ್ತದೆ. ಉತ್ತರ ಜಕಾರ್ತ ಕೆಲವೇ ದಶಕಗಳಲ್ಲಿ ಮೀಟರುಗಟ್ಟಲೆ ಕುಸಿದದ್ದು ಮುಖ್ಯವಾಗಿ ಹೀಗೆಯೇ.

ಮುಖಜಭೂಮಿ ಸಾವಿರಾರು ವರ್ಷ ಮುಳುಗದೆ ಉಳಿದದ್ದು ಹೇಗೆ? ಪ್ರತಿ ನೆರೆಯೂ ಹೊಸ ಮಣ್ಣು ತಂದು ತಗ್ಗಿದ್ದನ್ನು ತುಂಬುತ್ತಿತ್ತು. ಆ ಮಣ್ಣು ಈಗ ಬಹುಪಾಲು ಬರುತ್ತಿಲ್ಲ. ಆಂಧ್ರ ವಿಶ್ವವಿದ್ಯಾಲಯದ ಕೆ. ನಾಗೇಶ್ವರ ರಾವ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೃಷ್ಣೆ 1960ರ ದಶಕದ ಕೊನೆಯಲ್ಲಿ ವರ್ಷಕ್ಕೆ 90 ಲಕ್ಷ ಟನ್ ಹೂಳು ತರುತ್ತಿತ್ತು. 2000ದಿಂದ 2005ರ ಅವಧಿಗೆ ಅದು 4 ಲಕ್ಷ ಟನ್ನಿನಷ್ಟಕ್ಕೆ ಇಳಿದಿತ್ತು. 1965ರಿಂದ 2008ರೊಳಗೆ ಕೃಷ್ಣಾ, ಗೋದಾವರಿ ಮುಖಜಭೂಮಿಗಳು ಸೇರಿ ನಿವ್ವಳ 76 ಚದರ ಕಿಲೋಮೀಟರ್ ನೆಲವನ್ನು ಕಡಲಿಗೆ ಕಳೆದುಕೊಂಡವು. 1990ಕ್ಕೆ ಮೊದಲು ವರ್ಷಕ್ಕೆ 1.39 ಚದರ ಕಿಲೋಮೀಟರ್ ಹೋಗುತ್ತಿದ್ದದ್ದು ಆಮೇಲೆ 2.3ರ ಆಸುಪಾಸಿಗೆ ಏರಿತು. ಜಗತ್ತಿನ 33 ಮುಖಜಭೂಮಿಗಳನ್ನು ಪರಿಶೀಲಿಸಿದ 2009ರ ಒಂದು ಅಂತರರಾಷ್ಟ್ರೀಯ ಅಧ್ಯಯನವೂ ಕೃಷ್ಣೆಯನ್ನು ತೀವ್ರ ಅಪಾಯದಲ್ಲಿರುವವುಗಳ ಸಾಲಿಗೆ ಸೇರಿಸಿತ್ತು.

ಹಾಗಾದರೆ ಮಣ್ಣು ಹೋಯಿತೆಲ್ಲಿ? ಇದರ ಉತ್ತರ ಕನ್ನಡಿಗರಿಗೆ ಗೊತ್ತು. 1953ರಲ್ಲಿ ನೀರು ನಿಂತಾಗ ಕೃಷ್ಣೆಯ ಉಪನದಿ ತುಂಗಭದ್ರೆಗೆ ಹೊಸಪೇಟೆಯಲ್ಲಿ ಕಟ್ಟಿದ ಜಲಾಶಯದ ಸಾಮರ್ಥ್ಯ 133 ಟಿಎಂಸಿ. ಈಗ 105.788. ಕಳೆದುಹೋದ 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ದಶಕಗಳಿಂದ ಅದಕ್ಕಾಗಿ ಕೂಗುತ್ತಿದ್ದಾರೆ, ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ಹುಟ್ಟಿದ್ದೂ ಅದರಿಂದಲೇ. ಲೆಕ್ಕ ಹಾಕಿದರೆ ಆ ಹೂಳು ಸುಮಾರು 77 ಕೋಟಿ ಘನ ಮೀಟರ್. ಕಡಲು ನುಂಗಿದ ಆ 76 ಚದರ ಕಿಲೋಮೀಟರಿನ ಮೇಲೆ ಹರಡಿದರೆ 10 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಇದೆಲ್ಲವೂ ಕಡಲಂಚಿಗೆ ತಲುಪುತ್ತಿರಲಿಲ್ಲ, ನಿಜ. ಒಂದಷ್ಟು ನಡುವಿನ ಪಾತ್ರದಲ್ಲೇ ಉಳಿಯುತ್ತಿತ್ತು, ಮುಂದೆ ಶ್ರೀಶೈಲ ಮತ್ತು ನಾಗಾರ್ಜುನಸಾಗರಗಳೂ ಹೂಳು ಹಿಡಿಯುತ್ತವೆ. ಆದರೆ ಇದು ಒಂದೇ ಜಲಾಶಯದ ಲೆಕ್ಕ. ಆಲಮಟ್ಟಿ, ನಾರಾಯಣಪುರ ಇನ್ನೂ ಬಾಕಿ.

ವಿಜಯವಾಡಕ್ಕೆ ಇದರಿಂದ ಏನು? 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹಳ್ಳದ ದಂಡೆ ಒಡೆದು ಅಜಿತ್ ಸಿಂಗ್ ನಗರದಂಥ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಅದೇ ಹೊತ್ತಿಗೆ ಪ್ರಕಾಶಂ ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯುಸೆಕ್ ಹರಿಯಿತು. ನಮ್ಮ ಉತ್ತರ ಕರ್ನಾಟಕವನ್ನೂ ಮುಳುಗಿಸಿದ 2009ರ ನೆರೆಯ ದಾಖಲೆಯನ್ನು ಅದು ಮೀರಿತು. ಆ ಪ್ರವಾಹಕ್ಕೆ ಕಾರಣ ಕಡಲಲ್ಲ. ಭಾರೀ ಮಳೆ, ಒಡೆದ ಏರಿ, ಹಳ್ಳದ ಜಾಗಕ್ಕೇ ಬೆಳೆದ ಊರು. ಆದರೆ ಬುಡಮೇರಿನ ನೀರು ಸೇರಬೇಕಾದದ್ದು ಕೊಲ್ಲೇರು ಸರೋವರಕ್ಕೆ, ಅಲ್ಲಿಂದ ಉಪ್ಪುಟೇರಿನ ಮೂಲಕ ಕಡಲಿಗೆ. ಮೀನಿನ ಕೆರೆಗಳು ಕೊಲ್ಲೇರನ್ನು ಒತ್ತಿವೆ. ಉಬ್ಬರ ಉಪ್ಪುಟೇರಿನೊಳಗೆ ನುಗ್ಗುತ್ತದೆ. ಇಷ್ಟು ಸಪಾಟಾದ ಸೀಮೆಯಲ್ಲಿ ಕೆಳತುದಿಯ ನೆಲ ಒಂದು ಗೇಣು ತಗ್ಗಿ ಕಡಲು ಒಂದು ಗೇಣು ಏರಿದರೆ ನೀರು ಇಳಿಯಲು ಬೇಕಾದ ಇಳಿಜಾರೇ ಉಳಿಯುವುದಿಲ್ಲ. ಬೀಚು ಕಾಣದ ಊರೂ ಕಡಲಿನ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುವುದು ಹೀಗೆ.

ಹೂಳನ್ನು ಕೆಳಗೆ ಬಿಡುವ ತಂತ್ರ ಜಗತ್ತಿಗೆ ಹೊಸದಲ್ಲ. ಚೀನಾದ ಹಳದಿ ನದಿಯಲ್ಲಿ 2002ರಿಂದ ಜಲಾಶಯಗಳ ನೀರನ್ನು ಲೆಕ್ಕ ಹಾಕಿ ಒಮ್ಮೆಲೇ ಹರಿಯಬಿಟ್ಟು ಹೂಳನ್ನು ಕಡಲಿನತ್ತ ನೂಕುತ್ತಿದ್ದಾರೆ. ನಮ್ಮ ಹಳೆಯ ಅಣೆಕಟ್ಟುಗಳಲ್ಲಿ ಅದು ಸುಲಭವಲ್ಲ. ಆದರೆ ಪ್ರಯತ್ನಿಸುವ ಮೊದಲು ಲೆಕ್ಕವಾದರೂ ಬೇಕು. ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 2060 ಟಿಎಂಸಿ ನೀರನ್ನು ಮೂರು ರಾಜ್ಯಗಳಿಗೆ ಹಂಚಿತು. ನದಿ ಹೊರುವ ಮಣ್ಣಿಗೆ ಆ ಹಂಚಿಕೆಯಲ್ಲಿ ಪಾಲಿರಲಿಲ್ಲ. ಈಗ ಕೃಷ್ಣೆಗೆ ನಾಲ್ಕು ರಾಜ್ಯಗಳು. ಮುಂದೆ ಅವು ನೀರಿಗಾಗಿ ಎದುರುಬದುರು ಕೂತಾಗ, ಹೂಳಿನಿಂದ ಜಲಾಶಯ ಕಳೆದುಕೊಂಡ ಕರ್ನಾಟಕ ಮತ್ತು ಹೂಳಿಲ್ಲದೆ ನೆಲ ಕಳೆದುಕೊಂಡ ಆಂಧ್ರ ಒಂದೇ ಅರ್ಜಿಗೆ ಸಹಿ ಹಾಕಬೇಕು.