ಮುಚ್ಚಳದ ಹಿಂದೆ ಇರುವ ವಾಚು

ಹಳೆಯ ಕೈಗಡಿಯಾರದ ಡಯಲ್ ಮೇಲಿನ ಹೆಸರನ್ನು ಪೂರ್ತಿ ನಂಬುವಂತಿಲ್ಲ. ನಮ್ಮ ತಾತಂದಿರು ಕಟ್ಟುತ್ತಿದ್ದ ವೆಸ್ಟ್ ಎಂಡ್ ವಾಚುಗಳಲ್ಲಿ ಕೆಲವಕ್ಕೆ ಲಾಂಜಿನ್ ಕಂಪನಿಯ ಮಷೀನು ಇರುತ್ತಿತ್ತು. ಮಾಸಿದ ಡಯಲಿಗೆ ಬಣ್ಣ ಬಳಿದು ಹೊಸದಾಗಿ ಹೆಸರು ಅಚ್ಚು ಹಾಕುವವರೂ ನಮ್ಮ ದೇಶದಲ್ಲಿ ಬಹಳ. ಹೀಗಾಗಿ ಬಲ್ಲ ರಿಪೇರಿಗಾರರು ಡಯಲ್ ನೋಡಿ ಸುಮ್ಮನಿರುತ್ತಾರೆ. ಅವರ ತೀರ್ಪು ಹೊರಬೀಳುವುದು ಹಿಂಬದಿಯ ಮುಚ್ಚಳ ತೆಗೆದ ಮೇಲೆಯೇ.

ಆದರೂ ಡಯಲ್ ಒಂದಿಷ್ಟು ಹೇಳುತ್ತದೆ. ಆರರ ಅಂಕಿಯ ಕೆಳಗೆ ‘ಸ್ವಿಸ್’ ಪದದ ಅಕ್ಕಪಕ್ಕ ‘ಟಿ’ ಅಕ್ಷರವಿದ್ದರೆ ಕತ್ತಲಲ್ಲಿ ಹೊಳೆಯಲು ಟ್ರಿಟಿಯಂ ಬಳಸಿದ್ದಾರೆ. ಅಂದರೆ ವಾಚು ಅರವತ್ತರ ದಶಕದ್ದು ಅಥವಾ ಆಮೇಲಿನದು. ಅದಕ್ಕೂ ಹಿಂದಿನ ಮುಳ್ಳುಗಳಲ್ಲಿ ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ, ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಅಂಥ ಡಯಲನ್ನು ಎಂದೂ ಕೆರೆಯಬಾರದು.

ಇನ್ನು ಮುಚ್ಚಳ. ಅಂಚಿನಲ್ಲಿ ಕಚ್ಚುಗಳಿದ್ದರೆ ಅದು ತಿರುಪಿನದು, ಅಪ್ರದಕ್ಷಿಣವಾಗಿ ತಿರುಗಿಸಬೇಕು. ಕಚ್ಚಿಲ್ಲದೆ ಒಂದು ಕಡೆ ಮಾತ್ರ ಉಗುರಿನಷ್ಟು ತುಟಿ ಎದ್ದಿದ್ದರೆ ಒತ್ತಿ ಕೂರಿಸಿದ್ದು, ಅಲ್ಲಿಂದಲೇ ಮೀಟಬೇಕು. ಕೆಲವು ವಾಚುಗಳಿಗೆ ಹಿಂದೆ ಬಾಗಿಲೇ ಇಲ್ಲ. ಗಾಜು ತೆಗೆದು ಮುಂದಿನಿಂದಲೇ ಮಷೀನನ್ನು ಎತ್ತಬೇಕು. ಇದನ್ನು ಗುರುತಿಸದೆ ಚಾಕು ಹಾಕಿದವರ ಗೀರುಗಳನ್ನು ಎಷ್ಟೋ ಒಳ್ಳೆಯ ವಾಚುಗಳು ಇಂದಿಗೂ ಹೊತ್ತಿವೆ.

ಮುಚ್ಚಳ ಅಂಟಿಕೊಳ್ಳುವುದಕ್ಕೆ ಕಾರಣ ಸಾಮಾನ್ಯವಾಗಿ ಬಿಗಿತವಲ್ಲ. ದಶಕಗಳ ಬೆವರು, ಸೋಪು, ಧೂಳು ಸಂದಿಯಲ್ಲಿ ಕಲ್ಲಾಗಿರುತ್ತವೆ. ನೀರು ತಡೆಯಲೆಂದು ಇಟ್ಟ ರಬ್ಬರ್ ಬಳೆ ಕರಗಿ ಡಾಂಬರಿನಂತೆ ಹಿಡಿದಿರುತ್ತದೆ. ಬೆವರಿನ ಉಪ್ಪು ತಿರುಪಿನೊಳಗೆ ತುಕ್ಕು ಬೆಳೆಸಿರುತ್ತದೆ. ಆದ್ದರಿಂದ ಮೊದಲ ಕೆಲಸ ತೆಗೆಯುವುದಲ್ಲ, ಶುಚಿ ಮಾಡುವುದು. ಭೂತಗನ್ನಡಿ ಕಣ್ಣಿಗಿಟ್ಟು, ಚೂಪು ಮಾಡಿದ ಮರದ ಕಡ್ಡಿಯಿಂದ ಸಂದಿಯ ಸುತ್ತ ಕೊಳೆ ಬಿಡಿಸುವ ಕೈಯನ್ನು ನೋಡುವುದೇ ಒಂದು ಸೊಗಸು. ಲೋಹದ ಸೂಜಿ ಬೇಗ ಕೆಲಸ ಮಾಡೀತು, ಆದರೆ ಗೀರುತ್ತದೆ. ಆಮೇಲೂ ಮಿಸುಕದಿದ್ದರೆ ಸೂಜಿಮೊನೆಯಷ್ಟು ತುಕ್ಕುಬಿಡಿಸುವ ಎಣ್ಣೆಯನ್ನು ಸಂದಿಗೆ ಮುಟ್ಟಿಸಿ ರಾತ್ರಿಯಿಡೀ ಬಿಡುತ್ತಾರೆ. ಹೆಚ್ಚಾದರೆ ಎಣ್ಣೆ ಮಷೀನಿಗೆ ಇಳಿಯುತ್ತದೆ. ಇಲ್ಲಿ ಜಿಪುಣತನವೇ ಕೌಶಲ. ಹದವಾದ ಬಿಸಿಯೂ ಕರಗಿದ ರಬ್ಬರನ್ನು ಸಡಿಲಿಸುತ್ತದೆ, ಆದರೆ ಪ್ಲಾಸ್ಟಿಕ್ ಗಾಜಿನ ಮೇಲೆ ಕಣ್ಣಿರಬೇಕು.

ತಿರುಗಿಸುವ ಹೊತ್ತಿಗೆ ಕೇಸನ್ನು ಹಿಡಿಕೆಯಲ್ಲಿ ಭದ್ರವಾಗಿ ಕೂರಿಸಿ, ಸಲಕರಣೆಯ ಹಲ್ಲುಗಳನ್ನು ಕಚ್ಚುಗಳಿಗೆ ಅಳತೆ ಸರಿಹೋಗುವಂತೆ ಹೊಂದಿಸಿ, ಮೇಲಿಂದ ಕೆಳಕ್ಕೆ ಒತ್ತುತ್ತಲೇ ತಿರುಗಿಸಬೇಕು. ಹಲ್ಲು ಜಾರುವುದು ಕೆಳಮುಖದ ಒತ್ತು ಸಾಲದಾಗ. ಕಚ್ಚುಗಳು ಸವೆದೇ ಹೋಗಿದ್ದರೆ ಕೊನೆಯ ಉಪಾಯವೊಂದಿದೆ: ಮುಚ್ಚಳಕ್ಕೆ ಒಂದು ನಟ್ಟನ್ನು ಸೂಪರ್ ಗ್ಲೂನಿಂದ ಅಂಟಿಸಿ ಸ್ಪ್ಯಾನರಿನಿಂದ ತಿರುಗಿಸುವುದು. ಮುಚ್ಚಳ ಬಿಚ್ಚಿಕೊಂಡ ಮೇಲೆ ಅದೊಂದನ್ನೇ ಅಸಿಟೋನಿನಲ್ಲಿ ನೆನೆಸಿದರೆ ಅಂಟು ಬಿಡುತ್ತದೆ. ಅಸಿಟೋನ್ ಪ್ಲಾಸ್ಟಿಕ್ ಗಾಜಿಗೆ ತಾಕಿದರೆ ಗಾಜು ಹಾಳು.

ತೆರೆದೊಡನೆ ಮುಚ್ಚಳದ ಒಳಮೈ ನೋಡಿ. ಹಿಂದಿನ ರಿಪೇರಿಗಾರರು ಸೂಜಿಯಲ್ಲಿ ಗೀಚಿಟ್ಟ ಸಣ್ಣ ಗುರುತುಗಳು, ತಾರೀಕುಗಳು ಅಲ್ಲಿರಬಹುದು. ಸ್ವಿಸ್ ಮಷೀನಾದರೆ ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರದ ಕೆಳಗೆ ತಯಾರಕರ ಪುಟ್ಟ ಮುದ್ರೆ, ಸಂಖ್ಯೆ ಸಿಗುವುದುಂಟು. ಅದಿಲ್ಲವೆಂದರೆ ಮಷೀನಿನ ಅಗಲ ಅಳೆಯುತ್ತಾರೆ. ಹಳೆಯ ಅಳತೆ ಲೀನ್, ಒಂದಕ್ಕೆ 2.256 ಮಿಲಿಮೀಟರ್. ಡಯಲ್ ಬಿಚ್ಚಿ, ಚಾವಿಯ ಸನ್ನೆಗಳನ್ನು ಒತ್ತಿ ಹಿಡಿಯುವ ಉಕ್ಕಿನ ಪಟ್ಟಿಯ ಆಕಾರವನ್ನು ಪಟ್ಟಿಪುಸ್ತಕದ ಚಿತ್ರಗಳೊಂದಿಗೆ ಹೋಲಿಸಿದರೆ ಸಂದೇಹ ಬಹುಮಟ್ಟಿಗೆ ತೀರುತ್ತದೆ. ಒಂದೊಂದು ಮಾದರಿಗೂ ಆ ಪಟ್ಟಿಯ ಬಾಗು ಬೇರೆ.

ನಮ್ಮ ಎಚ್‌ಎಂಟಿಯ ವಿಷಯ ಇಷ್ಟು ಕಷ್ಟವಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ‘ಜನತಾ’ದಂಥ ಚಾವಿ ಕೊಡುವ ವಾಚುಗಳಲ್ಲಿ ಹದಿನೇಳು ಕಲ್ಲಿನ 0231 ಮಷೀನು ಬಹಳ ಬಳಕೆಯಾಯಿತು. ಡಯಲ್ ಹೊಸದಾಗಿ ಬಳಿದದ್ದಾದರೂ ಒಳಗಿನ ಮಷೀನು ಅಸಲಿಯಾಗಿರುವುದುಂಟು. ಕೇಂದ್ರ ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಬಿಡಿಭಾಗಗಳಿಗೆ ಈಗ ಹಳೆಯ ದಾಸ್ತಾನು, ಕೆಟ್ಟ ವಾಚುಗಳೇ ಗತಿ.

ಮನೆಯ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇದ್ದರೆ ಅಡುಗೆಮನೆಯ ಚಾಕು ಹಾಕಬೇಡಿ, ಚಾವಿಯನ್ನೂ ಬಲವಂತವಾಗಿ ಕೊಡಬೇಡಿ. ನಿಮ್ಮೂರಿನ ಹಳೆಯ ರಿಪೇರಿಗಾರರು ಇನ್ನೂ ಕೂತಿರುವಾಗಲೇ ಒಯ್ದು ತೋರಿಸಿ.