ಕಡಲಿಗೆ ಬಿದ್ದ ಪೆಟ್ಟಿಗೆಯಲ್ಲಿ ಏನಿತ್ತು?

2025ರ ಜೂನ್ 9ರಂದು ಮಲ್ಪೆಯ ಧಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧ ಆಗಷ್ಟೇ ಶುರುವಾಗಿತ್ತು. ಅದೇ ದಿನ ಕಣ್ಣೂರಿನ ಅಳೀಕ್ಕಲ್‌ನಿಂದ 44 ನಾಟಿಕಲ್ ಮೈಲು ದೂರದಲ್ಲಿ ‘ವಾನ್ ಹೈ 503’ ಹಡಗಿನಲ್ಲಿ ಸ್ಫೋಟವಾಯಿತು. ಕೊಲಂಬೊದಿಂದ ಮುಂಬೈ ಕಡೆಗೆ ಹೊರಟಿದ್ದ ಹಡಗು. 22 ಸಿಬ್ಬಂದಿಯಲ್ಲಿ ನಾಲ್ವರು ಕಾಣೆಯಾದರು. ಉಳಿದ 18 ಮಂದಿಯನ್ನು ‘ಐಎನ್‌ಎಸ್ ಸೂರತ್’ ರಾತ್ರಿ ಪಣಂಬೂರಿಗೆ ತಂದಿಳಿಸಿತು. ಜನ ನಮ್ಮ ಕಡೆ ಬಂದರು, ಕಡಲಿಗೆ ಬಿದ್ದ ಕಂಟೈನರುಗಳು ಬೇರೆ ದಿಕ್ಕು ಹಿಡಿದವು.

ಇದಕ್ಕೆ ನಮ್ಮ ಸಿದ್ಧತೆ ಕಾರಣವಲ್ಲ, ನೀರಿನ ಸೆಳೆತ ಕಾರಣ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ತೆಂಕು ದಿಕ್ಕಿಗೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗು ದಿಕ್ಕಿಗೆ. ಇದೇ ಅನಾಹುತ ಡಿಸೆಂಬರಿನಲ್ಲಿ ಆಗಿದ್ದರೆ ಕಾಪು, ಪಡುಬಿದ್ರಿಯ ಹೊಯಿಗೆಯ ಮೇಲೆ ಏನೇನು ಬಂದು ಬೀಳುತ್ತಿತ್ತೋ!

ಕಾಪುವಿಗೆ ಹಡಗಿನ ಅವಘಡ ಹೊಸದಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ‘ಕೋರಮಂಡಲ್ ಸಪೋರ್ಟರ್ 9’ ಟಗ್ ಇಲ್ಲಿನ ಬಂಡೆಗಳಿಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡಿನ ‘ವರಾಹ’ ಹಡಗು, ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಪಾರುಮಾಡಿದವು. ‘ಅಲಯನ್ಸ್’ ಎಂಬ ಇನ್ನೊಂದು ಟಗ್ ಮಗುಚಿತು, ಅದರಲ್ಲಿದ್ದ ಕೆಲವರು ಉಳಿಯಲಿಲ್ಲ. ಎಷ್ಟೇ ಕಷ್ಟವಾದರೂ ಅಲ್ಲಿ ಮಾಡಬೇಕಾದ್ದೇನು ಎಂಬುದು ಸ್ಪಷ್ಟವಿತ್ತು: ಮನುಷ್ಯರನ್ನು ಮೇಲೆತ್ತಬೇಕು. ಕಂಟೈನರಿನ ಕತೆ ಹಾಗಲ್ಲ. ಒಳಗೇನಿದೆ ಎಂದು ಗೊತ್ತಾಗುವ ತನಕ ಹತ್ತಿರ ಹೋಗುವುದೂ ತಪ್ಪಾದೀತು.

ಒಳಗೇನಿದೆ ಎಂದು ಹೇಳುವ ವ್ಯವಸ್ಥೆ ಹಳೆಯದೇ. ಅಪಾಯಕಾರಿ ಸರಕನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ಪ್ರತಿ ಸರಕಿಗೂ ಯುಎನ್ ಸಂಖ್ಯೆ ಅಂಟಿಸುವ ‘ಐಎಂಡಿಜಿ’ ಸಂಹಿತೆ ಬಂದದ್ದು 1965ರಲ್ಲಿ. ಕಡಲಿಗೆ ಬಿದ್ದದ್ದನ್ನು ಎತ್ತಿದ ಉದಾಹರಣೆಯೂ ಹಳೆಯದೇ. 1974ರಲ್ಲಿ ‘ತ್ಸಾವ್ತತ್’ ಎಂಬ ಹಡಗು ಇಟಲಿಯ ಒಟ್ರಾಂಟೊ ಬಳಿ ಮುಳುಗಿದಾಗ, ಪೆಟ್ರೋಲಿಗೆ ಬೆರೆಸುವ ಸೀಸದ ವಿಷದ ಒಂಬೈನೂರಕ್ಕೂ ಹೆಚ್ಚು ಡ್ರಮ್ಮುಗಳು ತಳ ಸೇರಿದವು. ಅಲ್ಲಿನ ನ್ಯಾಯಾಧೀಶರೊಬ್ಬರು ಪಟ್ಟು ಹಿಡಿದ ಮೇಲೆ, 1977ರಲ್ಲಿ ಅವನ್ನು ಎತ್ತುವ ಕೆಲಸ ಆರಂಭವಾಯಿತು. ಭಾರತ 1996ರಲ್ಲಿ ಕೋಸ್ಟ್ ಗಾರ್ಡ್ ಮುಂದಾಳತ್ವದಲ್ಲಿ ಕಡಲ ಮಾಲಿನ್ಯ ಎದುರಿಸಲು ರಾಷ್ಟ್ರೀಯ ಯೋಜನೆಯೊಂದನ್ನು ರೂಪಿಸಿತು. ಆದರೆ ಅದರ ಕಣ್ಣು ಮುಖ್ಯವಾಗಿ ಎಣ್ಣೆ ಸೋರಿಕೆಯ ಮೇಲಿತ್ತು.

ಕಂಟೈನರಿನ ಪಾಠ ಕಲಿಸಿದ್ದು ನೆರೆಯ ಶ್ರೀಲಂಕಾ. 2021ರಲ್ಲಿ ‘ಎಕ್ಸ್-ಪ್ರೆಸ್ ಪರ್ಲ್’ ಹಡಗಿನ ಒಂದು ಕಂಟೈನರಿನಿಂದ ನೈಟ್ರಿಕ್ ಆಮ್ಲ ಸೋರುತ್ತಿತ್ತು. ಕತಾರಿನ ಹಮದ್ ಬಂದರೂ ನಮ್ಮ ಗುಜರಾತಿನ ಹಜೀರಾವೂ ಅದನ್ನು ಇಳಿಸಿಕೊಳ್ಳಲಿಲ್ಲ. ಕೊನೆಗೆ ಕೊಲಂಬೊದ ಎದುರು ಹಡಗಿಗೇ ಬೆಂಕಿ ಬಿತ್ತು, ತೀರದ ತುಂಬ ಪ್ಲಾಸ್ಟಿಕ್ ಕಾಳು ಹರಡಿತು.

ನಾಲ್ಕು ವರ್ಷದಲ್ಲಿ ಅದೇ ಬಿಳಿ ಕಾಳು ತಿರುವನಂತಪುರದ ತೀರಕ್ಕೂ ಬಂತು. 2025ರ ಮೇ 25ರಂದು ‘ಎಂಎಸ್‌ಸಿ ಎಲ್ಸಾ 3’ 640 ಕಂಟೈನರುಗಳೊಂದಿಗೆ ಮುಳುಗಿತ್ತು. 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಮಾವು ಹಣ್ಣು ಮಾಡಲು ಕದ್ದು ಬಳಸುತ್ತಾರಲ್ಲ, ಅದೇ ಕಾರ್ಬೈಡ್. ನೀರು ತಾಗಿದರೆ ಉರಿಯುವ ಅಸಿಟಿಲೀನ್ ಅನಿಲ ಹೊಮ್ಮುತ್ತದೆ. 200 ಮೀಟರ್ ದೂರವಿರಿ, 112ಕ್ಕೆ ಕರೆ ಮಾಡಿ ಎಂದು ಕೇರಳ ಸರ್ಕಾರ ಸಾರಿತು. ಸರಕಿನ ವಿವರ ಜನರ ಮುಂದಿಡಿ ಎಂದು ಹೈಕೋರ್ಟೇ ಹೇಳಬೇಕಾಯಿತು. ನನಗೆ ಇಡೀ ಪ್ರಕರಣದ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ. ಟಗ್ ಬೇಕು, ಹೆಲಿಕಾಪ್ಟರ್ ಬೇಕು. ಉರಿಯುವ ವಾನ್ ಹೈಯನ್ನು ತೀರದಿಂದ ದೂರ ಎಳೆದದ್ದು ಅವುಗಳೇ. ಆದರೆ ಅವೆಲ್ಲಕ್ಕಿಂತ ಮೊದಲು ಬೇಕಾದದ್ದು ಸರಕುಪಟ್ಟಿ.

2026ರ ಜನವರಿ 1ರಿಂದ ಜಾರಿಗೆ ಬಂದ ‘ಸೋಲಾಸ್’ (ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ತಿದ್ದುಪಡಿ ಇದನ್ನೇ ಹಿಡಿದಿದೆ. ಕಂಟೈನರ್ ಕಳೆದುಕೊಂಡ ಕಪ್ತಾನ ತಡಮಾಡದೆ ಸುತ್ತಲಿನ ಹಡಗುಗಳಿಗೆ, ಹತ್ತಿರದ ಕರಾವಳಿ ದೇಶಕ್ಕೆ ತಿಳಿಸಬೇಕು: ಎಲ್ಲಿ, ಎಷ್ಟು, ಒಳಗೆ ಅಪಾಯಕಾರಿ ಸರಕಿದೆಯೇ, ಗೊತ್ತಿದ್ದರೆ ಯುಎನ್ ಸಂಖ್ಯೆ ಯಾವುದು. ಅಲ್ಲಿಂದ ನಾಡದೋಣಿಯವರೆಗಿನ ದಾರಿ ನಮ್ಮದೇ ಹೊಣೆ. ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಬೋಟುಗಳಿಗೆ ಇಸ್ರೊ ತಂತ್ರಜ್ಞಾನದ, ಎರಡೂ ಕಡೆ ಸಂದೇಶ ಸಾಗಿಸಬಲ್ಲ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರದ ಯೋಜನೆಯೂ ಇದೆ. ಬೋಟು ನಡೆಸುವ ತಂಡೇಲನಿಗೆ ಯುಎನ್ ಸಂಖ್ಯೆ ಕಟ್ಟಿಕೊಂಡು ಆಗಬೇಕಾದ್ದಿಲ್ಲ. ಪೆಟ್ಟಿಗೆ ಎಲ್ಲಿ ತೇಲುತ್ತಿದೆ, ಎಷ್ಟು ದೂರವಿರಬೇಕು, ಅಲ್ಲಿ ಬಲೆ ಬಿಡಬಹುದೇ ಎಂಬಿಷ್ಟು ಕನ್ನಡದಲ್ಲಿ, ಬೇಗ ತಲುಪಿದರೆ ಸಾಕು.