ಊರಿಗೆ ಮರಳಿದ ಯೋಧರು: ಮಂಡ್ಯ ಸೀಮೆಯ ಸ್ವಾಗತ

ಸೇವಾವಧಿ ಮುಗಿಸಿ ಊರಿಗೆ ಮರಳುವ ಯೋಧರನ್ನು ಮೆರವಣಿಗೆಯಲ್ಲಿ ಬರಮಾಡಿಕೊಳ್ಳುವ ಪದ್ಧತಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಈಚಿನ ವರ್ಷಗಳಲ್ಲಿ ಕಾಣಸಿಗುತ್ತಿದ್ದು, ಬಂಧುಗಳು, ಬಾಲ್ಯದ ಗೆಳೆಯರು ಹಾಗೂ ಮಾಜಿ ಸೈನಿಕರು ಸೇರಿ ಇದನ್ನು ತಾವಾಗಿಯೇ ನಡೆಸುತ್ತಾರೆ. ಬೆಂಗಳೂರು–ಮೈಸೂರು ರೈಲುಮಾರ್ಗ ಮದ್ದೂರು ಮತ್ತು ಮಂಡ್ಯವನ್ನು ಹಾದುಹೋಗುವುದರಿಂದ ಹಾರ ಹಾಕುವ ಕಾರ್ಯ ಎಷ್ಟೋ ಬಾರಿ ನಿಲ್ದಾಣದಲ್ಲೇ ಆಗುತ್ತದೆ. ರೈಲು ಸಂಪರ್ಕವಿಲ್ಲದ ಮಳವಳ್ಳಿಯ ಕಡೆಯವರು ಮದ್ದೂರಿನಲ್ಲಿ ಇಳಿದರೆ ಕೆ.ಎಂ. ದೊಡ್ಡಿಯ ಮೇಲೆ ರಸ್ತೆಯಲ್ಲೇ ಸಾಗಬೇಕು. ತೆರೆದ ಜೀಪು, ತಮಟೆ, ತಲೆಗೆ ಮೈಸೂರು ಪೇಟ, ಗ್ರಾಮದೇವತೆಯ ಗುಡಿಯಲ್ಲಿ ಪೂಜೆ, ಕೊನೆಗೆ ಮನೆಯ ಹೊಸ್ತಿಲಲ್ಲಿ ಅರಿಸಿನ–ಸುಣ್ಣ ಕದಡಿದ ಕೆಂಪು ನೀರಿನ ಆರತಿ ಎತ್ತಿ, ದೃಷ್ಟಿ ತೆಗೆದು, ಆ ನೀರನ್ನು ಬೀದಿಗೆ ಚೆಲ್ಲಿದ ಮೇಲೆಯೇ ಒಳಗೆ ಕರೆಯುವುದು.

ಈ ಸಂಭ್ರಮದ ಹಿಂದಿನ ವಿಯೋಗ ದೀರ್ಘವಾದದ್ದು. ಸೈನಿಕರ ಮಾತಿನಲ್ಲಿ ‘ಫೀಲ್ಡ್’ ಎಂದರೆ ಕುಟುಂಬವನ್ನು ಇಟ್ಟುಕೊಳ್ಳಲಾಗದ ಗಡಿ ಮತ್ತು ಸಂಘರ್ಷದ ಪ್ರದೇಶ, ‘ಪೀಸ್’ ಎಂದರೆ ಕುಟುಂಬದೊಡನೆ ಇರಬಹುದಾದ ನೆಲೆ; ಇವೆರಡರ ನಡುವೆ ಸರದಿಯಂತೆ ಸಾಗುವ ಸೇವೆಯಲ್ಲಿ ಹಬ್ಬ, ಹೆರಿಗೆ, ಹೆತ್ತವರ ಕಾಯಿಲೆ ಎಲ್ಲವೂ ರಜೆ ಸಿಕ್ಕರೆ ಕಣ್ಣಿಗೆ, ಇಲ್ಲವಾದರೆ ಫೋನಿಗೆ. ಹಳೆಯ ಮೈಸೂರು ಸೀಮೆಗೆ ಈ ವಿಯೋಗ ಹೊಸದಲ್ಲ: ಮೊದಲ ಮಹಾಯುದ್ಧಕ್ಕೆಂದು 1914ರಲ್ಲಿ ಹೊರಟ ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿತ್ತು.

ಎಲ್ಲರೂ ನಡೆದು ಮರಳುವುದಿಲ್ಲ. ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು, ರಜೆ ಮುಗಿಸಿ ಕರ್ತವ್ಯಕ್ಕೆ ಹಿಂದಿರುಗುತ್ತಿದ್ದಾಗ 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ನಡೆದ ಆತ್ಮಾಹುತಿ ದಾಳಿಯಲ್ಲಿ ಹುತಾತ್ಮರಾದ 40 ಮಂದಿ ಸಿಆರ್‌ಪಿಎಫ್ ಯೋಧರಲ್ಲಿ ಒಬ್ಬರು. ಎರಡು ದಿನಗಳ ನಂತರ ಪಾರ್ಥಿವ ಶರೀರ ಬಂದಾಗ ಮದ್ದೂರು–ಮಳವಳ್ಳಿ ರಸ್ತೆಯ ಆಸುಪಾಸಿನ ಹಳ್ಳಿಗಳಿಂದ ಸಾವಿರಾರು ಜನ ಸೇರಿದ್ದರು. ಇಂದು ನಿವೃತ್ತ ಯೋಧನೊಬ್ಬ ಕ್ಷೇಮವಾಗಿ ಜೀಪಿನಿಂದ ಇಳಿಯುವಾಗ ಈ ಸೀಮೆಯ ತಾಯಂದಿರು ಕಣ್ಣೀರು ಒರೆಸಿಕೊಳ್ಳುವುದರ ಅರ್ಥವನ್ನು ಆ ದಿನವನ್ನು ನೆನೆಯದೆ ತಿಳಿಯಲಾಗದು.

ಆದರೆ ಸ್ವಾಗತದ ಕಠಿಣ ಭಾಗ ಮೆರವಣಿಗೆ ಮುಗಿದ ಮರುದಿನ ಆರಂಭವಾಗುತ್ತದೆ. ಹದಿಹರೆಯ ದಾಟುತ್ತಲೇ ಸೇನೆ ಸೇರಿದವರು, 15 ವರ್ಷದ ಸೇವೆಯಿಂದ ಪಿಂಚಣಿಯ ಅರ್ಹತೆ ದೊರೆಯುವುದರಿಂದ, ನಲವತ್ತರ ಆಸುಪಾಸಿನಲ್ಲೇ ಹೊರಬರುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಎರಡನೆಯ ಉದ್ಯೋಗ ಅನಿವಾರ್ಯವಾಗಿರುತ್ತದೆ. ಸೇವಾ ದಾಖಲೆಯಲ್ಲಿ ಪತ್ನಿಯ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದ್ದರೆ, ಆ ಒಂದಕ್ಷರದ ವ್ಯತ್ಯಾಸವನ್ನು ಸರಿಪಡಿಸಲು ತಿಂಗಳುಗಟ್ಟಲೆ ಅಲೆಯಬೇಕಾಗಬಹುದು; ತಂದೆ ತೀರಿಕೊಂಡಿದ್ದರೆ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯ ಕೆಲಸವೂ ಅಣ್ಣತಮ್ಮಂದಿರ ನಡುವೆ ಹಾಗೆಯೇ ಉಳಿದಿರುತ್ತದೆ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಮೀಸಲಾತಿಯಿದ್ದರೂ, ಪರೀಕ್ಷೆಗೆ ಹೊಸದಾಗಿ ಓದಬೇಕಾದವರಿಗೆ ಮಾರ್ಗದರ್ಶನ ಹಳ್ಳಿಯಲ್ಲಿ ಸುಲಭವಾಗಿ ಸಿಗದು.

ಇಲ್ಲೊಂದು ಭೇದವಿದೆ; ಅದು ಹಳ್ಳಿಗರಿಗೆ ತಿಳಿದಿರುವುದು ಅಪರೂಪ. ಕಾನೂನಿನ ‘ಮಾಜಿ ಸೈನಿಕ’ ಎಂಬ ವ್ಯಾಖ್ಯೆ ಮುಖ್ಯವಾಗಿ ಭೂಸೇನೆ, ನೌಕಾಪಡೆ, ವಾಯುಪಡೆಗಳಿಂದ ನಿವೃತ್ತರಾದವರಿಗೆ ಅನ್ವಯಿಸುತ್ತದೆ. ಗೃಹ ಸಚಿವಾಲಯದ ಅಡಿಯ ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳವರು ಅದರೊಳಗೆ ಬರುವುದಿಲ್ಲ. ಸಿಆರ್‌ಪಿಎಫ್ ಯೋಧ ಗುರು ಅವರ ಗುಡಿಗೆರೆಯಂಥ ಊರನ್ನು ಹೊಂದಿರುವ ಜಿಲ್ಲೆಗೆ ಈ ಭೇದ ಒಪ್ಪುವಂಥದ್ದಲ್ಲ. ಇನ್ನು, 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷ ದುಡಿದ ಅಗ್ನಿವೀರರಲ್ಲಿ ಗರಿಷ್ಠ ಶೇ 25 ಮಂದಿಯನ್ನು ಮಾತ್ರ ಕಾಯಂ ಮಾಡಿಕೊಳ್ಳುವುದರಿಂದ, ಉಳಿದವರು ಇಪ್ಪತ್ತರ ಹರೆಯದಲ್ಲೇ ಪಿಂಚಣಿಯಿಲ್ಲದೆ ಊರಿಗೆ ಬರುತ್ತಾರೆ. ಮೆರವಣಿಗೆಗೆ ಜೀಪು ಗೊತ್ತುಮಾಡುವ ಗೆಳೆಯರು, ಹಾರ ತರುವ ಗ್ರಾಮ ಪಂಚಾಯಿತಿ ಸದಸ್ಯರು, ಮುಂದಿನ ಆರು ತಿಂಗಳು ಆ ಯೋಧನ ಜೊತೆಗೆ ತಾಲ್ಲೂಕು ಕಚೇರಿಗೂ ಬ್ಯಾಂಕಿಗೂ ಒಮ್ಮೊಮ್ಮೆ ಹೋಗಿಬರಲಿ.